ಮಂಡಿಯಲ್ಲಿ ನಡೆಯದ ಕೆಂಪು

ಸಾಗರದ ಪೇಟೆಯಲ್ಲಿ ಔಷಧಿ ಅಂಗಡಿಯೊಂದರ ಮಹಡಿ ಮೇಲೆ ಆ ಸ್ಟುಡಿಯೊ. ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಬೂದು ಬಣ್ಣ. ಸುತ್ತಲಿನ ಬಣ್ಣ ಕಣ್ಣಿಗೆ ಹತ್ತಿದರೆ ಪರದೆಯ ಮೇಲಿನದರ ಅಂದಾಜು ತಪ್ಪುತ್ತದೆಂದು ಹಗಲಲ್ಲೂ ಕತ್ತಲೆ. ಪರದೆಯಲ್ಲಿ ಡಿಸೆಂಬರಿನ ಕೊನೆಕೊಯ್ಲು ನಡೆದಿದೆ. ಕೊನೆಗೌಡ ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ತೂಗಿ ದಾಟುತ್ತಾನೆ. ಅವನ ಕಣ್ಣಿನ ಮಟ್ಟಕ್ಕೇ ಡ್ರೋನ್ ನಿಂತಿದೆ. ಮುಂದಿನ ಶಾಟಿನಲ್ಲಿ ಸೋಗೆಗಳೆಲ್ಲ ಕೆಳಗುಳಿದು ಹೆಂಚಿನ ಮನೆ, ಅಂಗಳ, ಅಂಗಳದ ತುಂಬ ಬೇಯಿಸಿ ಒಣಹಾಕಿದ ಅಡಿಕೆ. ಆದರೆ ಎಲ್ಲದರ ಮೇಲೂ ತೆಳುಮಜ್ಜಿಗೆ ಸುರಿದ ಹಾಗೆ ಮಂಕು. ಸೋಗೆ ಹಸಿರಿಲ್ಲ, ಮಣ್ಣು ಕೆಂಪಿಲ್ಲ.

ಹೋಮ್‌ಸ್ಟೇ ಜಾಹೀರಾತಿಗೆ ತೆಗೆದ ಫೂಟೇಜ್ ಇದು. ಮನೆಯ ಯಜಮಾನರು ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

“ಎಂತ ಮಾರಾಯ, ಕ್ಯಾಮೆರಾ ಹಾಳಾಗಿತ್ತಾ?”

“ಇಲ್ಲ ಭಟ್ರೇ, ಬೇಕು ಅಂತಲೇ ಹೀಗೆ ತೆಗೆದದ್ದು” ಎಂದ ಸ್ಟುಡಿಯೊದ ಹುಡುಗ.

ಡಿಜೆಐ ಕಂಪನಿಯ ಹಲವು ಡ್ರೋನ್‌ಗಳಲ್ಲಿ ಡಿ-ಲಾಗ್ ಎಂ ಎಂಬ ಬಣ್ಣದ ಪ್ರೊಫೈಲ್ ಇದೆ. ಬೆಳಗಿನ ಬಿಸಿಲಿನ ಆಕಾಶ, ತೋಟದೊಳಗಿನ ನೆರಳು, ಎರಡೂ ಒಂದೇ ಚೌಕಟ್ಟಿಗೆ ಬಂದಾಗ ಒಂದೋ ಮೇಲಿನದು ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಕೆಳಗಿನದು ಕಪ್ಪಾಗುತ್ತದೆ. ಈ ಪ್ರೊಫೈಲ್ ಎರಡನ್ನೂ ನಡುವಿಗೆ ಒತ್ತಿ ಉಳಿಸಿಕೊಳ್ಳುತ್ತದೆ. ಅದಕ್ಕೆ ತೆರುವ ಬೆಲೆ ಈ ಮಂಕು. 8 ಬಿಟ್ ವಿಡಿಯೊದಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 256 ಮೆಟ್ಟಿಲು, 10 ಬಿಟ್‌ನಲ್ಲಿ 1,024. ಒತ್ತಿಟ್ಟದ್ದನ್ನು ಮತ್ತೆ ಎಳೆದು ಹಿಗ್ಗಿಸುವಾಗ ಮೆಟ್ಟಿಲು ಕಡಿಮೆಯಿದ್ದರೆ ಆಕಾಶ ಪಟ್ಟೆಪಟ್ಟೆಯಾಗುತ್ತದೆ.

ಹುಡುಗ ಲಟ್ ಹಾಕಿದ. ಲುಕ್‌ಅಪ್ ಟೇಬಲ್‌ಗೆ ಈ ಕಸುಬಿನವರು ಹೇಳುವುದು ಹಾಗೆ. ಡಿ-ಲಾಗ್ ಎಂ ಅನ್ನು ಟಿವಿಯ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ತರುವ, ಕಂಪನಿಯೇ ಕೊಡುವ ಫೈಲ್. ಒಂದೇ ಕ್ಲಿಕ್. ಸೋಗೆ ಹಸಿರಾಯಿತು, ಹೆಂಚು ಕೆಂಪಾಯಿತು, ಕೊನೆಗೌಡನ ಲುಂಗಿಯ ಚೌಕಳಿ ಕಂಡಿತು. ಭಟ್ಟರು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು.

ಆ ಫೈಲನ್ನು ಬಿಡಿಸಿದರೆ ಒಳಗಿರುವುದು ಬರೀ ಅಂಕಿಗಳ ಸಾಲು. ಇಷ್ಟು ಕೆಂಪು, ಇಷ್ಟು ಹಸಿರು, ಇಷ್ಟು ನೀಲಿ ಒಳಗೆ ಬಂದರೆ ಇಷ್ಟಿಷ್ಟು ಹೊರಗೆ ಕೊಡು, ಅಷ್ಟೇ. 10 ಬಿಟ್‌ನ ಪ್ರತಿ ಬಣ್ಣಕ್ಕೂ ಒಂದೊಂದು ಸಾಲು ಬರೆಯುತ್ತ ಹೋದರೆ ನೂರೇಳು ಕೋಟಿ ದಾಟುತ್ತದೆ. ಹಾಗಾಗಿ ಒಂದೊಂದು ಬಣ್ಣಕ್ಕೆ 33 ಗುರುತು ಹಾಕಿ, ಮೂರನ್ನೂ ಗುಣಿಸಿ, 35,937 ಸಾಲುಗಳಲ್ಲಿ ಮುಗಿಸುತ್ತಾರೆ. ನಡುವೆ ಬೀಳುವ ಬಣ್ಣಗಳಿಗೆ ಅಕ್ಕಪಕ್ಕದ ಗುರುತುಗಳಿಂದ ಲೆಕ್ಕ ಹಾಕಿಕೊಳ್ಳುವುದು ಸಾಫ್ಟ್‌ವೇರಿನ ಕೆಲಸ. ಬಂದ ಅಂಕಿ ಅಡಿಕೆಯದೋ, ಹೆಂಚಿನದೋ, ಮನುಷ್ಯನ ಕೆನ್ನೆಯದೋ, ಆ ಕೋಷ್ಟಕಕ್ಕೆ ಗೊತ್ತಿಲ್ಲ.

ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ಸಿನಿಮಾ ಕಳೆ ಬರಲೆಂದು ಹುಡುಗ ಅದರ ಮೇಲೊಂದು ರೆಡಿಮೇಡ್ ಲಟ್ ಕೂರಿಸಿದ. ನೆರಳಿಗೆ ನೀಲಿಹಸಿರು, ಬೆಳಕಿಗೆ ಕಿತ್ತಳೆ. ಇಂಥವು ಕಟ್ಟುಕಟ್ಟಾಗಿ ಮಾರಾಟಕ್ಕಿವೆ. ಮಂಡ್ಯದ ಗದ್ದೆ, ಮಲ್ಪೆಯ ಕಡಲು, ಮಲೆನಾಡಿನ ಮದುವೆ, ಎಲ್ಲ ವಿಡಿಯೊಗಳೂ ಒಂದೇ ಊರಿನವಾಗಿ ಕಾಣತೊಡಗಿದ್ದು ಇವುಗಳ ಕೃಪೆ. ಭಟ್ಟರು ಅಂಗಳದ ಶಾಟ್ ಬಂದಾಗ ಕೈ ಎತ್ತಿದರು.

“ನಿಲ್ಸು. ಇದು ಚೊಗರು ಕಾಣದ ಅಡಿಕೆ ಆಯ್ತಲ್ಲೋ! ಈ ಬಣ್ಣಕ್ಕೆ ಮಂಡೀಲಿ ಯಾರೂ ಮೂಸಿ ನೋಡೋದಿಲ್ಲ.”

ಅಡಿಕೆ ಬೇಯಿಸಿದ ಕಂದುಗೆಂಪು ರಸ ಚೊಗರು. ಕೆಂಪಡಿಕೆಗೆ ಮೈಬಣ್ಣ ಬರುವುದು ಅದರಿಂದ, ದರ ಹೇಳುವವರು ಮೊದಲು ನೋಡುವುದೂ ಆ ಬಣ್ಣವನ್ನೇ. ಆ ಕೋಣೆಯಲ್ಲಿ ಕೆಂಪಿನ ವಿಷಯದಲ್ಲಿ ಪಳಗಿದ ಕಣ್ಣು ಯಾರದೆಂಬುದರಲ್ಲಿ ನನಗಂತೂ ಅನುಮಾನ ಉಳಿಯಲಿಲ್ಲ.

ಹುಡುಗ ರೆಡಿಮೇಡ್ ಲಟ್ಟನ್ನು ಕಿತ್ತು, ಕಂಪನಿಯ ಲಟ್‌ಗಿಂತ ಮುಂಚೆ ಒಂದು ನೋಡ್, ಅಂದರೆ ತಿದ್ದುಪಡಿಯ ಒಂದು ಹಂತ, ಸೇರಿಸಿದ. ಬೆಳಕು ಹೆಚ್ಚುಕಡಿಮೆಯಾಗಿದ್ದರೆ ತಿದ್ದಬೇಕಾದದ್ದು ಅಲ್ಲಿ. ಲಟ್ ಕತ್ತರಿಸಿದ ಮೋಡವನ್ನು ಅದರ ನಂತರದ ನೋಡಿನಲ್ಲಿ ಎಷ್ಟು ಎಳೆದರೂ ಬರಿ ಬೂದಿ. ಡ್ರೋನ್ ತೋಟದಿಂದ ಆಕಾಶದ ಕಡೆ ತಿರುಗುವಾಗ, ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ತಾನೂ ತಿರುಗಿ, ಒಂದೇ ಶಾಟ್ ಹಳದಿಯಲ್ಲಿ ಹುಟ್ಟಿ ನೀಲಿಯಲ್ಲಿ ಮುಗಿದಿತ್ತು. ಬದಲಾಗದ ಕೋಷ್ಟಕ ಅದಕ್ಕೇನು ಮಾಡೀತು? ಶಾಟಿನ ಅಲ್ಲಲ್ಲಿ ಕೀಫ್ರೇಮ್ ಎಂಬ ಗುರುತು ಇಟ್ಟು ಕೈಯಿಂದಲೇ ಸರಿದೂಗಿಸಿದ. ಆಮೇಲೆ ಅಂಗಳದ ಸುತ್ತ ಗೆರೆ ಎಳೆದು, ಒಳಗಿನ ಕೆಂಪನ್ನಷ್ಟೇ ಹಿಡಿದು, ಕೂದಲೆಳೆಯಷ್ಟು ಕಂದಿನ ಕಡೆಗೆ ಸರಿಸಿದ. “ಇನ್ನೂ ಸ್ವಲ್ಪ” ಎಂದರು ಭಟ್ಟರು. “ಹಾಂ, ಹೆಚ್ಚಾಯ್ತು. ಹಿಂದೆ ಬಾ.”

ಬೇಕಾದ ಬಣ್ಣವನ್ನಷ್ಟೇ ಹಿಡಿದು ತಿರುಗಿಸುವ ಕೆಲಸ ಹೊಸದಲ್ಲ. 2000ದಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕೆ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಿಸಿಸಿಪಿಯ ದಟ್ಟ ಹಸಿರನ್ನು ಕಂಪ್ಯೂಟರಿನಲ್ಲಿ ಒಣಹುಲ್ಲಿನ ಹಳದಿಯಾಗಿಸಿದ್ದರು. ಅಲ್ಲಿ ಊರಿನ ಬಣ್ಣ ಬೇಡವಾಗಿತ್ತು. ಇಲ್ಲಿ ಅದೇ ಬೇಕಾಗಿದೆ.

ಮುಗಿದ ಗ್ರೇಡನ್ನು, ಅಂದರೆ ಬಣ್ಣದ ತಿದ್ದುಪಡಿಯನ್ನು, ಹುಡುಗ ತನ್ನದೇ ಲಟ್ ಆಗಿ ಉಳಿಸಿ ‘ಭಟ್ಟರ ಅಂಗಳ’ ಎಂದು ಹೆಸರಿಟ್ಟ. ಸುತ್ತ ಎಳೆದ ಗೆರೆ, ಕೀಫ್ರೇಮು ಯಾವುದೂ ಲಟ್ ಒಳಗೆ ಹೋಗುವುದಿಲ್ಲ. ಮೋಡ ಕವಿದ ದಿನದ ಕ್ಲಿಪ್ಪಿಗೆ ಅದನ್ನೇ ಹಾಕಿ ನೋಡಿದ. ಭಟ್ಟರು ಬಾಯಿ ತೆರೆಯುವ ಮೊದಲೇ ತೆಗೆದುಬಿಟ್ಟ.