ಸೈನ್ ಮಾಡೋ ಮುಂಚೆ ಒಂದ್ಮಾತು

ನಮ್ಮ ಕಡೆ ಹೆಣ್ಣುಮಕ್ಕಳಿಗೆ ತವರಿನಿಂದ ಎರಡು ಥರದ ಕರೆ ಬರುತ್ತವೆ. ಒಂದು ಪಂಚಮಿ ಹಬ್ಬಕ್ಕೆ: ಉಂಡಿ, ಜೋಕಾಲಿ, ಹೊಸ ಸೀರೆ. ಇನ್ನೊಂದು ಅಪ್ಪ ತೀರಿಕೊಂಡು ಕೆಲವು ತಿಂಗಳಾದ ಮೇಲೆ: "ಅಕ್ಕಾ, ಆಧಾರ್ ಜೆರಾಕ್ಸ್ ತಗೊಂಡು ಒಂದಿನ ಬಂದು ಹೋಗು. ಒಂದ್ ಸೈನ್ ಐತಿ, ಅಷ್ಟ."

ಬೆಂಗಳೂರು, ಹೈದರಾಬಾದಿನಲ್ಲಿ ನೌಕರಿ ಮಾಡುವ ನಿಮ್ಮಲ್ಲಿ ಕೆಲವರಿಗೆ ಈ ಎರಡನೇ ಕರೆ ಬಂದಿರಬಹುದು. ಉಳಿದವರಿಗೆ ಮುಂದೆ ಬರಬಹುದು. ಬಳಗಾನೂರಿನಲ್ಲಿ ಸಂಸಾರ ಮಾಡಿಕೊಂಡಿರುವ, ಒಬ್ಬ ಮಗಳು ಒಬ್ಬ ಮಗ ಇರುವ ತಾಯಿಯಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಸಿಂಧನೂರು ಸುತ್ತಲಿನ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಭೂಮಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಮನೆಮನೆಯಲ್ಲೂ ಪಾಲಿನ ಮಾತೂ ಬಂತು. ನಾಟಿ ದಿನ ಕೆಸರಲ್ಲಿ ಬಗ್ಗಿ ನಿಂತವರನ್ನು ನೋಡಿ, ಹೆಚ್ಚಿನವರು ಹೆಂಗಸರೇ. ಪಹಣಿ ತೆಗೆಸಿ ನೋಡಿ, ಹೆಸರು ಗಂಡಸರದು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 14 ಮಾತ್ರ.

ನನ್ನ ಮದುವೆ ಆಗಿದ್ದು 1993ರಲ್ಲಿ, ತಂಗಿಯದು 1996ರಲ್ಲಿ. ಈ ಮೂರು ವರ್ಷದ ನಡುವೆ ಒಂದು ಗೆರೆ ಬಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆ ಆದವರನ್ನು ಹೊರಗಿಟ್ಟಿತು. ಒಂದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ತಂಗಿ ಒಳಗೆ, ನಾನು ಹೊರಗೆ!

ಆ ಗೆರೆಯನ್ನು ಅಳಿಸಿದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ. ಮದುವೆ ಆಗಿರಲಿ ಬಿಡಲಿ, ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕದಿಂದಲೇ ಹೋದ ಫೂಲವತಿ (2015), ದಾನಮ್ಮ (2018) ಪ್ರಕರಣಗಳ ತೀರ್ಪು ಬೇರೆ ಬೇರೆ ಥರ ಬಂದವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಆಗಿಹೋದ ಪಾಲುಗಳನ್ನು ಮಾತ್ರ ಮುಟ್ಟುವಂತಿಲ್ಲ. ಅಪ್ಪ ಸ್ವಂತ ದುಡಿದು ಕೊಂಡದ್ದನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು.

ನಮ್ಮಪ್ಪ ತೀರಿಕೊಂಡಿದ್ದು 2011ರಲ್ಲಿ. ನಾನು ಸೈನ್ ಮಾಡಿದೆ. ಅವ್ವನನ್ನು ಕೊನೆತನಕ ನೋಡಿಕೊಂಡವನು ತಮ್ಮ, ಅವನಿಗೆ ಬಿಟ್ಟುಕೊಟ್ಟಿದ್ದಕ್ಕೆ ಬೇಸರವಿಲ್ಲ. ತಂಗಿ ಮಾತ್ರ "ಓದಿ ಹೇಳ್ರಿ, ಏನ್ ಬರದೀರಿ ಇದರಾಗ?" ಅಂದಳು. ಅಷ್ಟಕ್ಕೇ ಎರಡು ವರ್ಷ ಆಕೆಯನ್ನು ಯಾರೂ ಪಂಚಮಿಗೆ ಕರೆಯಲಿಲ್ಲ. ಆಕೆ ಆಸ್ತಿ ಕೇಳಿರಲಿಲ್ಲ, ಕಾಗದದಲ್ಲಿ ಏನಿದೆ ಅಂತ ಕೇಳಿದ್ದಳು.

"ಮದುವೆಗೆ ಖರ್ಚು ಮಾಡೀವಲ್ಲ, ಅದಽ ಆಕಿ ಪಾಲು" ಅನ್ನುತ್ತಾರೆ. ಪೆಂಡಾಲಿಗೆ, ಊಟಕ್ಕೆ, ಬೀಗರಿಗೆ ಹೋದ ದುಡ್ಡು ಮಗಳ ಕೈಗೆ ಬಂದದ್ದಲ್ಲ. ವರದಕ್ಷಿಣೆ ಅಂತೂ 1961ರ ಕಾಯ್ದೆಯಿಂದಲೇ ಅಪರಾಧ.

"ಮುಪ್ಪಿನಾಗ ನೋಡ್ಕೊಳ್ಳಾಂವ ಮಗ" ಎಂಬ ಮಾತಿಗೆ ತೂಕ ಇದೆ. ಆದರೆ ಊಟಕ್ಕಿಟ್ಟು, ಮಾತ್ರೆ ಕೊಟ್ಟು, ಹಾಸಿಗೆ ಒಗೆಯುವವಳು ಬಹಳ ಮನೆಗಳಲ್ಲಿ ಸೊಸೆ. ಆಕೆ ತನ್ನ ತವರಿನಲ್ಲಿ ಸೈನ್ ಮಾಡಿ ಬಂದಿರುತ್ತಾಳೆ, ಇಲ್ಲಿ ಪಹಣಿ ಗಂಡನ ಹೆಸರಲ್ಲಿರುತ್ತದೆ. ಎರಡು ಮನೆಗೆ ದುಡಿದವಳಿಗೆ ಎರಡೂ ಕಡೆ ಒಂದು ಗುಂಟೆ ಜಾಗ ಇಲ್ಲ.

ಹೋದ ಪಂಚಮಿಗೆ ಮಗಳು ಬಂದಾಗ ಈ ಮಾತನ್ನು ನಾನೇ ತೆಗೆದೆ. ಯಜಮಾನರಿಗೆ ಸಿಟ್ಟು ಬಂತು: "ನಾ ಇನ್ನೂ ಬದುಕೀನಿ, ಈಗ್ಯಾಕ?" ಬದುಕಿರುವಾಗಲೇ ಬೇಕು ಅಂದೆ. ಮಗ ಕೇಳಿದ, "ಅಕ್ಕ ಬೆಂಗಳೂರಾಗ ಇರ್ತಾಳ. ಗದ್ದಿ ಮಾಡೋರು ಯಾರು?" ಮಗಳು ಅಂದಳು, "ನೀನಽ ಮಾಡು, ಲೀಜ್ ಕೊಡು. ಕಾಲುವೆ ನೀರು ಬರದ ವರ್ಷ ಕೊಡಬ್ಯಾಡ." ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಮಗ ಹಳೇ ಪಹಣಿಗಳನ್ನು ಹುಡುಕಿ ತಂದು ಅಪ್ಪನ ಮುಂದಿಟ್ಟ. ಪಿತ್ರಾರ್ಜಿತ ಎಷ್ಟು, ಕೊಂಡದ್ದು ಎಷ್ಟು ಅಂತ ಪಟ್ಟಿ ಆಗಿದೆ. ವಿಭಾಗ ಪತ್ರ ಇನ್ನೂ ಆಗಿಲ್ಲ. ಈ ಬೆಳೆ ಮುಗಿದ ಮೇಲೆ ಅಂತ ಯಜಮಾನರು ಹೇಳಿದ್ದಾರೆ. ನಾನು ಬಿಡುವುದಿಲ್ಲ.

ನಿಮಗೆ ಆ ಎರಡನೇ ಕರೆ ಬಂದರೆ, ಮೊದಲು ಕಾಗದದ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಪೂರ್ತಿ ಓದಿ. ಅದು ಫೌತಿ ಖಾತೆಗೆ ಒಪ್ಪಿಗೆಯೋ, ಹಕ್ಕು ಬಿಡುಗಡೆ ಪತ್ರವೋ ಕೇಳಿ. ಪಹಣಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಖಾಲಿ ಹಾಳೆಗೆ ಸೈನ್ ಬೇಡ. ಎಲ್ಲ ತಿಳಿದ ಮೇಲೂ ತಮ್ಮನಿಗೆ ಬಿಟ್ಟುಕೊಡಬೇಕು ಅನ್ನಿಸಿದರೆ ಸಂತೋಷದಿಂದ ಕೊಡಿ. ಆಗ ಅದು ನೀವು ಕೊಟ್ಟದ್ದಾಗುತ್ತದೆ.

ಮಗಳ ಮದುವೆಗೆ ಅಂತ ಬಂಗಾರ ಕೂಡಿಸುತ್ತಿರುವ ಅವ್ವಂದಿರೇ, ಮನೆಯಲ್ಲಿ ಈ ಮಾತು ನೀವೇ ತೆಗೀರಿ. ನಾವು ಹೋದ ಮೇಲೆ ಮಕ್ಕಳು ಕೋರ್ಟಿನಲ್ಲಿ ಎದುರುಬದುರು ನಿಲ್ಲುವ ಬದಲು, ನಾವಿರುವಾಗಲೇ ಪಡಸಾಲೆಯಲ್ಲಿ ಕೂತು ಜಗಳ ಆಡಲಿ.