ಮೋಟಾರು ಸೈಕಲ್ಲಿನ ಕನ್ನಡಿ ಸಡಿಲವಾಗುವುದೇಕೆ?

ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಮೋಟಾರು ಸೈಕಲ್ಲಿನಲ್ಲಿ ಹೋಗುವವರ ಎಡಗೈ ಆಗಾಗ ಹಿಡಿಯನ್ನು ಬಿಟ್ಟು ಕನ್ನಡಿಯ ಕಡೆಗೆ ಚಾಚುವುದನ್ನು ನಾವು ಕಾಣುತ್ತೇವೆ. ಕನ್ನಡಿಯು ಕುಣಿಕುಣಿದು ತಲೆಬಾಗಿ, ಹಿಂದಿನ ರಸ್ತೆಯ ಬದಲು ಸವಾರನ ಮೊಳಕೈಯನ್ನೋ ಆಕಾಶವನ್ನೋ ತೋರಿಸತೊಡಗಿರುತ್ತದೆ. ಅವನು ಅದನ್ನು ನೆಟ್ಟಗೆ ಮಾಡುತ್ತಾನೆ; ಮುಂದಿನ ರಸ್ತೆಯುಬ್ಬು ದಾಟುವಷ್ಟರಲ್ಲಿ ಅದು ಮತ್ತೆ ಬಾಗಿರುತ್ತದೆ. ಕೆಲವರು ಬೇಸತ್ತು ಕನ್ನಡಿಯನ್ನೇ ಕಳಚಿ ಅಟ್ಟಕ್ಕೆ ಹಾಕುವುದುಂಟು.

ಇದು ತಳ್ಳಿಹಾಕತಕ್ಕ ಸಂಗತಿಯಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನೂ ಆಟೋರಿಕ್ಷಾಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಲಾಯಿತು. ಆದುದರಿಂದ ಮೋಟಾರು ಸೈಕಲ್ಲೂ ಕಬ್ಬು ಹೇರಿದ ಟ್ರ್ಯಾಕ್ಟರೂ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಒಟ್ಟಿಗೆ ಸಾಗಬೇಕಾಗಿದೆ. ಟ್ರ್ಯಾಕ್ಟರನ್ನು ದಾಟಲೆಂದು ಬಲಕ್ಕೆ ಸರಿಯುವ ಮುನ್ನ, ಹಿಂದೆ ಬಸ್ಸು ಬರುತ್ತಿದೆಯೇ ಎಂಬುದನ್ನು ಹೇಳಬೇಕಾದುದು ಆ ಅಂಗೈಯಗಲದ ಗಾಜು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಿರುಗುವುದೆಂದು ವಿದ್ಯಾರ್ಥಿಗಳು ಓದಿರುವರಷ್ಟೆ. ಐವತ್ತು ಮೀಟರು ಹಿಂದಿರುವ ವಸ್ತುವಿನ ಮಟ್ಟಿಗೆ ಈ ಎರಡು ಡಿಗ್ರಿ ಎಂದರೆ ಸುಮಾರು ಒಂದೂಮುಕ್ಕಾಲು ಮೀಟರಿನ ಪಲ್ಲಟ. ಮೋಟಾರು ಸೈಕಲ್ಲಿನ ಕನ್ನಡಿ ಸಾಮಾನ್ಯವಾಗಿ ಪೀನವಾಗಿರುವುದರಿಂದ ನೋಟದ ಹರವು ಹೆಚ್ಚು, ನಿಜ. ಆದರೆ ಅದೇ ಕಾರಣದಿಂದ ಬಸ್ಸು ಇರುವುದಕ್ಕಿಂತ ಚಿಕ್ಕದಾಗಿ, ದೂರವಾಗಿ ಕಾಣುವುದು. ಅದರ ಮೇಲೆ ಕನ್ನಡಿಯೂ ನಡುಗಿದರೆ ನೋಡಿಯೂ ನೋಡದಂತೆಯೇ.

ಕನ್ನಡಿಯ ಕಡ್ಡಿ ಹ್ಯಾಂಡಲಿನ ಮೇಲೆ ನಿಂತಿರುವುದು ತಿರುಪಿನ ಬಲದಿಂದ. ಬಹಳಷ್ಟು ವಾಹನಗಳಲ್ಲಿ ಈ ತಿರುಪಿನ ವ್ಯಾಸ 10 ಮಿ.ಮೀ.; ಒಂದು ಸುತ್ತಿಗೆ ಅದು 1.25 ಮಿ.ಮೀ. ಏರುವುದು. ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರಲ್ಲದೆ ಬೇರೇನಲ್ಲ. ಸುಮಾರು 29 ಮಿ.ಮೀ. ಸುತ್ತಳತೆಯಲ್ಲಿ 1.25 ಮಿ.ಮೀ. ಏರಿದರೆ ಆ ಇಳಿಜಾರು ಎರಡೂವರೆ ಡಿಗ್ರಿಯಷ್ಟೇ. ಉಕ್ಕಿನ ಮೇಲೆ ಉಕ್ಕು ಜಾರಬೇಕಾದರೆ, ಘರ್ಷಣಾಂಕ 0.15 ಎಂದಿಟ್ಟುಕೊಂಡರೂ, ಎಂಟು ಡಿಗ್ರಿಗಿಂತ ಹೆಚ್ಚಿನ ಓರೆ ಬೇಕು. ಲೆಕ್ಕದ ಪ್ರಕಾರ ತಿರುಪು ತಾನಾಗಿ ಬಿಚ್ಚಿಕೊಳ್ಳಲೇಬಾರದು. ಆದರೂ ಬಿಚ್ಚಿಕೊಳ್ಳುವುದಲ್ಲ!

ಇದರ ಗುಟ್ಟನ್ನು ಮನೆಯಲ್ಲೇ ನೋಡಬಹುದು. ಒಂದು ಹಲಗೆಯ ತುದಿಗೆ ಇಟ್ಟಿಗೆ ಕೊಟ್ಟು ಓರೆಮಾಡಿ ಅದರ ಮೇಲೊಂದು ಪುಸ್ತಕವನ್ನಿಡಿರಿ. ಪುಸ್ತಕ ಜಾರದಷ್ಟೇ ಓರೆಯಿರಲಿ. ಈಗ ಪುಸ್ತಕವನ್ನು ಕೆಳಗೆ ದೂಡದೆ, ಬೆರಳಿನಿಂದ ಅಡ್ಡಕ್ಕೆ ಮಾತ್ರ ತಳ್ಳಿರಿ. ಅದು ನೇರವಾಗಿ ಅಡ್ಡಕ್ಕೆ ಹೋಗದೆ, ಓರೆಯಾಗಿ ಕೆಳಗೂ ಇಳಿಯುವುದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಹಲಗೆಯ ಬುಡದಲ್ಲಿರುವುದು. ಘರ್ಷಣೆಯು ಚಲನೆಯ ದಿಕ್ಕಿಗೆ ಎದುರಾಗಿ ನಿಲ್ಲತಕ್ಕದ್ದು. ಅದರ ಶಕ್ತಿಗೂ ಮಿತಿಯುಂಟು. ಅಡ್ಡ ಚಲನೆಯನ್ನು ತಡೆಯುವುದರಲ್ಲೇ ಅದು ವ್ಯಯವಾದಾಗ ಇಳಿಜಾರನ್ನು ಕಾಯುವವರು ಯಾರೂ ಇಲ್ಲದಂತಾಗುವುದು.

ಕನ್ನಡಿಯಲ್ಲಿ ಆಗುವುದೂ ಇದೇ. ರಸ್ತೆಯ ಕುಲುಕಾಟ, ಎಂಜಿನ್ನಿನ ನಡುಕ, ಗಾಳಿಯ ಹೊಡೆತಗಳು ಕಡ್ಡಿಯ ತುದಿಯನ್ನು ಅತ್ತಿತ್ತ ಅಲ್ಲಾಡಿಸುವುವು. ಬುಡದಲ್ಲಿ ನಟ್ಟು ಕೂದಲೆಳೆಯಷ್ಟು ಅಡ್ಡಕ್ಕೆ ಜಾರಿದಾಗಲೆಲ್ಲ ಕಿಂಚಿತ್ತು ಹಿಂದಕ್ಕೂ ತಿರುಗುವುದು. ತಿರುಪನ್ನು ಉದ್ದುದ್ದಕ್ಕೆ ಎಳೆಯುವ ಕಂಪನವೇ ಅದನ್ನು ಸಡಿಲಿಸುವುದೆಂದು ಎಂಜಿನಿಯರುಗಳು ಬಹುಕಾಲ ಭಾವಿಸಿದ್ದರು. ಅಡ್ಡ ಕಂಪನವೇ ದೊಡ್ಡ ಅಪರಾಧಿ ಎಂಬುದನ್ನು ಜರ್ಮನಿಯ ಗೆರ್‌ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದನು. ನಮ್ಮ ಮೆಕ್ಯಾನಿಕರು ಬಲವಾಗಿ ನಂಬುವ ಸ್ಪ್ರಿಂಗ್ ವಾಷರು ಇಂಥ ಪರೀಕ್ಷೆಯಲ್ಲಿ ಹೆಚ್ಚೇನೂ ಸಹಾಯ ಮಾಡದೆಂಬುದು ಸ್ವಾರಸ್ಯದ ಮಾತು.

ಆದುದರಿಂದ ಉಪಾಯವಿರುವುದು ಅಡ್ಡ ಜಾರಿಕೆಯೇ ಆಗದಂತೆ ಬಿಗಿಯುವುದರಲ್ಲಿ. ಕಡ್ಡಿಯನ್ನು ಕೈಯಿಂದ ತಿರುಗಿಸಿ ‘ಬಿಗಿಯಾಯಿತು’ ಎಂದರೆ ಸಾಲದು. ಮೊದಲು ರಬ್ಬರು ಟೋಪಿಯನ್ನು ಮೇಲಕ್ಕೆ ಸರಿಸಿ, ಅದರಡಿಯ ಲಾಕ್ ನಟ್ಟನ್ನು ಸಡಿಲಿಸಬೇಕು. ಕಡ್ಡಿಯನ್ನು ತೂತಿನೊಳಕ್ಕೆ ಪೂರ್ತಿ ತಿರುಗಿಸಿ, ಬಳಿಕ ಕನ್ನಡಿ ಸರಿಯಾದ ದಿಕ್ಕಿಗೆ ಬರುವಷ್ಟು ಮಾತ್ರ ಹಿಂದಕ್ಕೆ ತಿರುಗಿಸಬೇಕು. ಒಂದು ಸುತ್ತಿಗಿಂತ ಹೆಚ್ಚು ಬೇಡ. ಆಮೇಲೆ ಒಂದು ಕೈಯಲ್ಲಿ ಕಡ್ಡಿಯನ್ನು ಕದಲದಂತೆ ಹಿಡಿದು, ಸ್ಪ್ಯಾನರಿನಿಂದ ನಟ್ಟನ್ನು ಕೆಳಕ್ಕೆ ಒತ್ತಿ ಬಿಗಿಯಬೇಕು. ಆಗ ನಟ್ಟು ಕಡ್ಡಿಯನ್ನು ಮೇಲಕ್ಕೆಳೆಯುವುದು, ತೂತಿನ ಸುತ್ತುಗಳು ಅದನ್ನು ಕೆಳಗೆ ಹಿಡಿಯುವುವು; ಈ ಜಗ್ಗಾಟವೇ ಘರ್ಷಣೆಗೆ ಜೀವಾಳ. ಆದರೆ ತೂತಿರುವ ಭಾಗ ಅನೇಕ ವೇಳೆ ಅಲ್ಯೂಮಿನಿಯಮ್ಮಿನದು. ಪೈಲ್ವಾನನಂತೆ ಬಿಗಿದರೆ ಸುತ್ತುಗಳು ಕಿತ್ತುಬರುವುವು.

ಇಲ್ಲಿ ದಿಕ್ಕಿನ ಪ್ರಶ್ನೆಯೂ ಉಂಟು. ಬಲಮುರಿ ಎಡಮುರಿಗಳ ಹೆಸರು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಸಾಧಾರಣ ತಿರುಪು ಬಲಮುರಿ. ಎದುರು ಗಾಳಿ ಕನ್ನಡಿಯನ್ನು ಹಿಂದಕ್ಕೆ ನೂಕುವಾಗ, ಮೇಲಿನಿಂದ ನೋಡಿದರೆ ಬಲಗನ್ನಡಿ ಗಡಿಯಾರದ ಮುಳ್ಳಿನಂತೆ ತಿರುಗಿ ಬಿಗಿಯಾಗುವುದು, ಎಡಗನ್ನಡಿ ಸಡಿಲವಾಗುವುದು. ಯಮಾಹಾ ಕಂಪೆನಿಯ ಅನೇಕ ವಾಹನಗಳಲ್ಲಿ ಬಲಗನ್ನಡಿಗೆ ಎಡಮುರಿ ತಿರುಪನ್ನಿಟ್ಟಿರುತ್ತಾರೆ. ಮುಂದಿನಿಂದ ಏನಾದರೂ ಬಡಿದರೆ ಆ ಕನ್ನಡಿ ಮುರಿಯದೆ ತಿರುಗಿ ದಾರಿಬಿಡುವುದು. ಇದನ್ನರಿಯದೆ ಬಲಮುರಿ ಕಡ್ಡಿಯನ್ನು ಅಲ್ಲಿ ತುರುಕಿದರೆ ತೂತು ಹಾಳಾದಂತೆಯೇ.

ಇಷ್ಟಾದರೂ ನಿಲ್ಲದಿದ್ದರೆ ತಿರುಪಿನಲ್ಲಿ ಮಧ್ಯಮ ಬಲದ ಥ್ರೆಡ್ ಲಾಕರ್ ಅಂಟಿನ ಒಂದು ಹನಿ ಹಾಕಬಹುದು. ಇದು 1953ರಲ್ಲಿ ವರ್ನನ್ ಕ್ರೀಬಲ್ ಎಂಬ ಅಮೆರಿಕದ ರಸಾಯನಶಾಸ್ತ್ರದ ಪ್ರಾಧ್ಯಾಪಕನು ಬಳಕೆಗೆ ತಂದ ಜಾತಿಯ ಅಂಟು. ಗಾಳಿ ಸೋಕದ, ಲೋಹ ತಾಗಿದ ಎಡೆಯಲ್ಲಿ ಮಾತ್ರ ಗಟ್ಟಿಯಾಗುವುದು ಇದರ ವಿಶೇಷ. ಕನ್ನಡಿಯ ಬೆನ್ನಿನ ಗುಂಡುಕೀಲಿಗೆ ಇದನ್ನು ಹಾಕಬಾರದು. ಪ್ಲಾಸ್ಟಿಕ್ ಬಿರುಕು ಬಿಡಬಹುದು. ಅಲ್ಲಿ ಸ್ಕ್ರೂ ಇದ್ದರೆ ಅದನ್ನು ಬಿಗಿಯುವುದು, ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಣುಕನ್ನು ಸೇರಿಸುವುದು ಮೇಲು.

ಬಿಗಿದ ಕನ್ನಡಿಯೂ ಯಾವುದೋ ಒಂದು ವೇಗದಲ್ಲಿ ಮಾತ್ರ ಮಸುಕಾಗುವುದುಂಟು. ಅದು ಸಡಿಲಿಕೆಯಲ್ಲ, ಅನುರಣನೆ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ಸುತ್ತಿದರೆ ಸೆಕೆಂಡಿಗೆ 50 ಕಂಪನಗಳಾದುವು. ಕಡ್ಡಿಯ ಸಹಜ ಆವೃತ್ತಿಯೂ ಅಷ್ಟೇ ಆಗಿದ್ದರೆ, ಲಯಕ್ಕೆ ಸರಿಯಾಗಿ ತೂಗಿದ ಜೋಕಾಲಿಯಂತೆ ಅದು ಕುಣಿಯುವುದು. ಹ್ಯಾಂಡಲಿನ ತುದಿಗೆ ತೂಕ ಸೇರಿಸಿದರೆ ಈ ಕುಣಿತ ತಗ್ಗಬಹುದು.

ಬಿಗಿದಾದ ಮೇಲೆ ನಟ್ಟಿನಿಂದ ಕಡ್ಡಿಯವರೆಗೆ ಬಣ್ಣದಲ್ಲಿ ಸಣ್ಣ ಗೆರೆಯೊಂದನ್ನು ಎಳೆದಿಡಿರಿ. ಒಂದು ವಾರ ಓಡಾಡಿದ ಬಳಿಕ ಗೆರೆಯ ಎರಡು ತುಂಡುಗಳು ಒಂದರೆದುರು ಇನ್ನೊಂದು ಇಲ್ಲದಿದ್ದರೆ, ಸ್ಪ್ಯಾನರನ್ನು ಮತ್ತೆ ತೆಗೆಯಬೇಕು.