ಜಾಲಸರ್ವರುಗಳ ಭಾರವಿತರಣೆ: ಶರಾವತಿಯ ಒಂದು ನಿದರ್ಶನ

ನಗರಸೀಮೆಯ ಸಾವೇಹಕ್ಲು, ಚಕ್ರಾ ಜಲಾಶಯಗಳ ನೀರು ಕಾಲುವೆಯ ಮಾರ್ಗವಾಗಿ ಲಿಂಗನಮಕ್ಕಿಯನ್ನು ಸೇರಿ, ಅಲ್ಲಿಂದ ತಲಕಳಲೆಗೆ ಬಂದು, ಅನಂತರ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುವುದು. ತಲಕಳಲೆಯನ್ನು ಎಂಜಿನಿಯರುಗಳು ‘ಸಮತೋಲನ ಜಲಾಶಯ’ವೆಂದು ಕರೆಯುತ್ತಾರೆ. ಬರುವ ನೀರಿಗೂ ಯಂತ್ರಗಳು ಬೇಡುವ ನೀರಿಗೂ ನಡುವಣ ಏರುಪೇರನ್ನು ತಾನು ತಾಳಿಕೊಳ್ಳುವುದೇ ಅದರ ಕಾರ್ಯ. ಗಣಕಯಂತ್ರಶಾಸ್ತ್ರದಲ್ಲಿ ಭಾರವಿತರಣೆಯೆಂಬುದು ಇದಕ್ಕೆ ಬಹಳ ಸಮೀಪವಾದ ವಿಷಯವು.

ಸಾಹಿತ್ಯದ ಅಧ್ಯಾಪಕರಿಗೆ ಇದರ ಗೊಡವೆಯೇಕೆಂದು ಕೆಲವರು ಕೇಳಬಹುದು. ನಿಘಂಟುಗಳೂ ಶಾಸನಸಂಪುಟಗಳೂ ಈಗ ಜಾಲತಾಣಗಳಲ್ಲಿ ದೊರೆಯುತ್ತಿವೆ. ತಾಣವು ನಿಂತುಹೋದರೆ ಗ್ರಂಥಭಂಡಾರದ ಬಾಗಿಲು ಮುಚ್ಚಿದಂತೆಯೇ ಸರಿ. ಹೀಗಿದ್ದೂ ವಿದ್ವತ್ಸಂಸ್ಥೆಯೊಂದು ತನ್ನ ಸರ್ವಸ್ವವನ್ನೂ ಒಂದೇ ಸರ್ವರಿನಲ್ಲಿಟ್ಟು ನಿಶ್ಚಿಂತವಾಗಿರುವುದು ಅಪರೂಪವೇನೂ ಅಲ್ಲ.

ವ್ಯವಸ್ಥೆಯ ಕ್ರಮವು ಇಂತಿದೆ. ಒಂದರ ಬದಲು ಎರಡು ಮೂರು ಸರ್ವರುಗಳನ್ನಿಟ್ಟು, ಅವುಗಳ ಮುಂದೆ ಭಾರವಿತರಕವನ್ನು ನಿಲ್ಲಿಸುವರು. ಎಚ್‌ಎಪ್ರಾಕ್ಸಿ, ಎಂಜಿನ್‌ಎಕ್ಸ್ ಎಂಬ ತಂತ್ರಾಂಶಗಳು ಈ ಕೆಲಸಕ್ಕೆ ಪ್ರಸಿದ್ಧವಾದುವು. ವಾಚಕರ ಕೋರಿಕೆಗಳನ್ನು ವಿತರಕವು ಸರದಿಯಂತೆ ಹಂಚಬಹುದು. ಇಲ್ಲವೆ ಆಗ ಯಾವುದರ ಮೇಲೆ ಕೆಲಸ ಕಡಮೆಯೋ ಅದಕ್ಕೆ ಕಳುಹಬಹುದು. ಅದು ಪ್ರತಿಯೊಂದು ಸರ್ವರಿನ ಆರೋಗ್ಯವನ್ನೂ ಬಿಡದೆ ವಿಚಾರಿಸುತ್ತಿರುವುದು. ಎಚ್‌ಎಪ್ರಾಕ್ಸಿಯಲ್ಲಿ ಈ ವಿಚಾರಣೆಯನ್ನು ನಿಯಮಿಸಿ ಬೇರೇನನ್ನೂ ಸೂಚಿಸದಿದ್ದರೆ, 2 ಸೆಕೆಂಡಿಗೊಮ್ಮೆ ಕೇಳಿ, ಒಂದಾದ ಮೇಲೊಂದು 3 ಸಲ ಉತ್ತರ ಬಾರದಿದ್ದಾಗ ಆ ಸರ್ವರನ್ನು ಸರದಿಯಿಂದ ತೆಗೆಯುವುದು. ಪುನಃ 2 ಸಲ ಸರಿಯಾದ ಉತ್ತರ ಬಂದಮೇಲೆ ಸೇರಿಸಿಕೊಳ್ಳುವುದು.

ಸಂಖ್ಯೆ ಹೆಚ್ಚಿದಮಾತ್ರಕ್ಕೆ ಅಭಯ ದೊರೆಯಿತೆಂದು ತಿಳಿಯಬಾರದು. ಎರಡು ಸರ್ವರುಗಳು ತಮ್ಮ ಶಕ್ತಿಯ ನೂರರಲ್ಲಿ 70 ಪಾಲನ್ನು ಆಗಲೇ ವ್ಯಯಿಸುತ್ತಿದ್ದರೆ, ಒಂದು ಬಿದ್ದೊಡನೆ ಇನ್ನೊಂದರ ಮೇಲೆ 140 ಪಾಲು ಬಂದು ಅದೂ ಬೀಳುವುದು. ಪರೀಕ್ಷಾಫಲಿತಾಂಶದ ದಿನ ತಾಣಗಳು ತೆರೆಯದಿರುವುದನ್ನು ಕಂಡವರಿಗೆ ಇದು ಹೊಸದಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದುಂಟು. ಶರಾವತಿಯ ಒಂದೊಂದು ಯಂತ್ರದ ಸಾಮರ್ಥ್ಯ 103.5 ಮೆಗಾವಾಟು, ಹತ್ತೂ ಸೇರಿ 1035. ಒಂದು ಕೆಟ್ಟರೆ ಒಂಬತ್ತು ಉಳಿಯಬೇಕಷ್ಟೆ. ಆದರೆ 2016ರ ಫೆಬ್ರವರಿಯಲ್ಲಿ ಅಲ್ಲಿಯ ಕೇಬಲ್ಲುಗಳಿಗೆ ಬೆಂಕಿ ತಗುಲಿದಾಗ ಹತ್ತು ಯಂತ್ರಗಳೂ ನಿಂತುವು. ಎಣಿಕೆಗೆ ಹತ್ತಾದುವು ಒಂದೇ ತಾವಿನಲ್ಲಿ ಒಂದಾಗಿದ್ದುವು. ಸರ್ವರುಗಳ ವಿಷಯದಲ್ಲಿ ಆ ತಾವು ಯಾವುದೆಂದು ಹುಡುಕುವುದೇ ಈ ವಿದ್ಯೆಯ ಮರ್ಮವೆಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ ಭಾರವಿತರಕವೇ ಅಂತಹದು. ಅದೊಂದು ನಿಂತರೆ ಹಿಂದಿರುವ ಸರ್ವರುಗಳೆಲ್ಲ ಇದ್ದೂ ಇಲ್ಲದಂತೆ. ಆದುದರಿಂದ ವಿತರಕಗಳನ್ನೂ ಎರಡಾಗಿ ಮಾಡಿ, ಎರಡಕ್ಕೂ ಸಾಧಾರಣವಾದ ಒಂದು ವಿಳಾಸವನ್ನು ಕೊಡುವರು. ಮುಖ್ಯವಾದುದು ‘ನಾನಿದ್ದೇನೆ’ ಎಂದು ಸೆಕೆಂಡಿಗೊಮ್ಮೆ ಸಾರುತ್ತಿರುವುದು; ಮೂರು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಆ ದನಿ ಕೇಳದಿದ್ದರೆ ಎರಡನೆಯದು ವಿಳಾಸವನ್ನು ತಾನೇ ಧರಿಸುವುದು. ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶವು ಇದನ್ನು ನಡೆಸುತ್ತದೆ. ಇಷ್ಟಾದರೂ ಎರಡಕ್ಕೂ ವಿದ್ಯುತ್ತು ಒಂದೇ ತಂತಿಯಿಂದ ಬರುತ್ತಿದ್ದರೆ, ಮಲೆನಾಡಿನ ಮಳೆಗಾಲದಲ್ಲಿ ಒಂದು ಮರ ಉರುಳಿದರೆ ಸಾಕು.

ದತ್ತಸಂಚಯದ ವಿಚಾರವು ನಮ್ಮಂತಹವರಿಗೆ ಹೆಚ್ಚು ಪರಿಚಿತವಾದುದು, ಏಕೆಂದರೆ ಅದು ಪಾಠಾಂತರದ ಪ್ರಶ್ನೆಯೇ. ಪುಟಗಳನ್ನು ಎಷ್ಟು ಸರ್ವರುಗಳಲ್ಲಿಟ್ಟರೂ ಅವು ಬದಲಾಗವು. ಹೊಸದಾಗಿ ಬರೆಯಲ್ಪಡುವ ಮಾಹಿತಿ ಹಾಗಲ್ಲ. ಸಾಮಾನ್ಯವಾಗಿ ಬರೆವಣಿಗೆಯು ಒಂದು ಮೂಲಪ್ರತಿಯಲ್ಲಿ ನಡೆದು, ಉಳಿದುವು ಅದನ್ನು ನಕಲು ಮಾಡಿಕೊಳ್ಳುವುವು. ನಕಲು ಹಿಂದುಳಿದಿರುವಾಗ ಮೂಲವು ನಷ್ಟವಾದರೆ ಕೊನೆಯ ಕೆಲವು ಪಂಕ್ತಿಗಳು ಲುಪ್ತವಾಗುವುವು. ನಕಲಾಗುವವರೆಗೂ ಕಾದರೆ ಕೆಲಸ ನಿಧಾನವಾಗುವುದು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಇನ್ನೂ ಕೆಟ್ಟ ಪ್ರಸಂಗವೆಂದರೆ, ನಡುವಣ ಸಂಪರ್ಕ ಮಾತ್ರ ಕಡಿದು, ಪ್ರತಿಯೊಂದೂ ಇನ್ನೊಂದು ಸತ್ತಿತೆಂದು ಭ್ರಮಿಸಿ, ತಾನೇ ಮೂಲವೆಂದು ಬರೆಯಲಾರಂಭಿಸುವುದು. ಆಗ ಹುಟ್ಟುವ ಎರಡು ಪಾಠಗಳಲ್ಲಿ ಎರಡೂ ಪ್ರಮಾಣವೇ. ಯಾವ ಸಂಪಾದಕನೂ ಅವನ್ನು ಸುಲಭವಾಗಿ ಕೂಡಿಸಲಾರನು. ಇದರ ನಿವಾರಣೆಗಾಗಿ ಸಾಕ್ಷಿಗಳನ್ನು ಮೂರಾಗಿಟ್ಟು, ಎರಡರ ಸಮ್ಮತಿಯಿಲ್ಲದೆ ಯಾವುದೂ ಮೂಲವಾಗಕೂಡದೆಂದು ನಿಯಮಿಸುವರು.

ಇಂತಹ ಜೋಡಿಪ್ರತಿಯನ್ನು ಕಾಪುಪ್ರತಿಯೆಂದು ಭಾವಿಸುವವರೂ ಇದ್ದಾರೆ, ಅದು ಸರಿಯಲ್ಲ. ಮೂಲದಲ್ಲಿ ಯಾರಾದರೂ ಪ್ರಮಾದದಿಂದ ಒಂದು ಸಂಪುಟವನ್ನು ಅಳಿಸಿದರೆ, ನಕಲೂ ವಿಧೇಯತೆಯಿಂದ ಕ್ಷಣಮಾತ್ರದಲ್ಲಿ ಅದನ್ನು ಅಳಿಸಿಬಿಡುವುದು. ಕಾಪುಪ್ರತಿಯನ್ನು ಬೇರೆ ಊರಿನಲ್ಲಿಯೇ ಇಡತಕ್ಕದ್ದು.

ವ್ಯವಸ್ಥೆ ಸಿದ್ಧವಾಯಿತೆಂದಮೇಲೆ, ಹಗಲಿನಲ್ಲಿ, ಬಲ್ಲವರು ಎದುರಿಗಿರುವಾಗ, ನಡೆಯುತ್ತಿರುವ ವಿತರಕದ ತಂತಿಯನ್ನು ಬೇಕೆಂದೇ ಕಿತ್ತು ನೋಡಬೇಕು. ಅನಂತರ ಒಂದು ಸರ್ವರನ್ನೂ, ಆಮೇಲೆ ದತ್ತಸಂಚಯದ ಮೂಲಪ್ರತಿಯನ್ನೂ ಹಾಗೆಯೇ ನಿಲ್ಲಿಸಿ, ಎಷ್ಟು ಸೆಕೆಂಡಿನಲ್ಲಿ ತಾಣವು ಮತ್ತೆ ತೆರೆಯಿತೆಂಬುದನ್ನು ಬರೆದಿಡುವುದು ಒಳ್ಳೆಯದು.